ಫಿಷಿಂಗ್ ಮೋಸಕ್ಕೊಂದು ಒರೆಗಲ್ಲು

ಚಿನ್ನದ ಬಣ್ಣ ಹಿತ್ತಾಳೆಗೂ ಉಂಟು. ಹೊಳಪನ್ನು ಮಾತ್ರ ನೋಡಿ ಚಿನ್ನ ಕೊಳ್ಳುವವನು ಒಂದಲ್ಲ ಒಂದು ದಿನ ಮೋಸ ಹೋಗುವುದು ಖಂಡಿತ. ಆದುದರಿಂದಲೇ ಅಕ್ಕಸಾಲಿಗನು ಒಡವೆಯನ್ನು ಕೈಯಲ್ಲಿ ಹಿಡಿದು ಮೆಚ್ಚುತ್ತ ಕೂಡುವುದಿಲ್ಲ. ಅದನ್ನು ಒರೆಗಲ್ಲಿಗೆ ಉಜ್ಜಿ, ಮೂಡಿದ ಗೆರೆಯ ಮೇಲೆ ಆಮ್ಲದ ಹನಿಯನ್ನು ಹಾಕಿ ನೋಡುತ್ತಾನೆ. ಒಡವೆಯ ಕುಸುರಿ ಕೆಲಸ ಎಷ್ಟೇ ಸೊಗಸಾಗಿರಲಿ, ಆಮ್ಲಕ್ಕೆ ಅದರ ಗೊಡವೆಯಿಲ್ಲ. ಸುಲಭವಾಗಿ ನಕಲು ಮಾಡಬಹುದಾದ ಗುಣವನ್ನು ಬಿಟ್ಟು, ನಕಲು ಮಾಡಲು ಬಾರದ ಗುಣವೊಂದನ್ನು ಹಿಡಿದು ಪರೀಕ್ಷಿಸುವುದೇ ಈ ವಿದ್ಯೆಯ ಸಾರ.

ಅಂತರ್ಜಾಲದಲ್ಲಿಯೂ ಇಂಥ ಹಿತ್ತಾಳೆಯ ವ್ಯಾಪಾರ ನಡೆಯುತ್ತಿದೆ. ಅದರ ಹೆಸರು ಫಿಷಿಂಗ್. ಇದರಿಂದ ನಮ್ಮನ್ನು ಕಾಪಾಡಲೆಂದು ವಿಜ್ಞಾನಿಗಳೂ ತಂತ್ರಜ್ಞರೂ ಕಳೆದ ಎರಡು ಮೂರು ದಶಕಗಳಲ್ಲಿ ಹಲವು ಬಗೆಯ ತಂತ್ರಾಂಶಗಳನ್ನು ರಚಿಸಿದ್ದಾರೆ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಸೋಲುತ್ತವೆ, ಅವುಗಳಲ್ಲಿ ನಿಜವಾದ ಒರೆಗಲ್ಲು ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಗಾಳ ಮತ್ತು ಎರೆ

ಬ್ಯಾಂಕು, ವಿಶ್ವವಿದ್ಯಾನಿಲಯ, ವಿದ್ಯಾರ್ಥಿವೇತನದ ಕಚೇರಿ, ಸಾಮಾನು ಮಾರುವ ಜಾಲತಾಣ ಮೊದಲಾದ ನಂಬಿಕೆಯ ಸಂಸ್ಥೆಯೊಂದರ ವೇಷ ಧರಿಸಿ, ಜನರ ಬಾಯಿಂದಲೇ ಅವರ ಗುಟ್ಟನ್ನು ಹೊರಡಿಸುವ ವಂಚನೆಗೆ ಫಿಷಿಂಗ್ ಎನ್ನುತ್ತಾರೆ. ಮೀನು ಹಿಡಿಯುವುದು ಎಂಬ ಅರ್ಥದ ಇಂಗ್ಲಿಷ್ ಪದದ ಉಚ್ಚಾರಣೆಯನ್ನು ಹಾಗೆಯೇ ಉಳಿಸಿಕೊಂಡು, ಕಾಗುಣಿತವನ್ನು ಮಾತ್ರ ಬದಲಾಯಿಸಿ ಈ ಮಾತನ್ನು ಕಟ್ಟಿದ್ದಾರೆ. 1990ರ ದಶಕದ ನಡುಭಾಗದಲ್ಲಿ ‘ಅಮೆರಿಕಾ ಆನ್‌ಲೈನ್’ ಎಂಬ ಸಂಸ್ಥೆಯ ಗ್ರಾಹಕರಿಗೆ, ಆ ಸಂಸ್ಥೆಯ ನೌಕರರಂತೆ ನಟಿಸುತ್ತ ಸಂದೇಶ ಕಳುಹಿಸಿ ಪಾಸ್‌ವರ್ಡ್ ಕೇಳುತ್ತಿದ್ದವರ ಬಳಗದಲ್ಲಿ ಇದು ಬಳಕೆಗೆ ಬಂತು.

ಗಾಳಕ್ಕೆ ಎರೆ ಬೇಕು. ‘ನಿಮ್ಮ ಖಾತೆ ಇಂದು ರಾತ್ರಿ ಸ್ಥಗಿತವಾಗುತ್ತದೆ’ ಎಂಬ ಹೆದರಿಕೆಯೂ, ‘ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ವಿವರಗಳನ್ನು ತುಂಬಿರಿ’ ಎಂಬ ಆಸೆಯೂ ಎರೆಗಳೇ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತಿದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಅದು ಬ್ಯಾಂಕಿನ ಪುಟದಂತೆಯೇ ಇರುತ್ತದೆ. ಅದೇ ಲಾಂಛನ, ಅದೇ ಬಣ್ಣ, ಅದೇ ಅಕ್ಷರಗಳ ಅಳತೆ. ಅಲ್ಲಿ ತುಂಬಿದ ಪಾಸ್‌ವರ್ಡ್ ಮಾತ್ರ ಬ್ಯಾಂಕಿಗೆ ಹೋಗದೆ ವಂಚಕನ ಕೈ ಸೇರುತ್ತದೆ.

ಇಷ್ಟು ಕರಾರುವಾಕ್ಕಾದ ನಕಲು ಹೇಗೆ ಸಾಧ್ಯ? ಜಾಲಪುಟವೆಂದರೆ ಬೇರೇನೂ ಅಲ್ಲ, ‘ಇಲ್ಲಿ ಈ ಚಿತ್ರವನ್ನಿಡು, ಅಲ್ಲಿ ಆ ಬಣ್ಣವನ್ನು ತುಂಬು’ ಎಂದು ನಮ್ಮ ಬ್ರೌಸರಿಗೆ ಕೊಟ್ಟ ಆದೇಶಗಳ ಪಟ್ಟಿ. ಬ್ಯಾಂಕು ತನ್ನ ಪುಟವನ್ನು ಲೋಕಕ್ಕೆ ತೋರಿಸಬೇಕಾದರೆ ಆ ಆದೇಶಗಳನ್ನು ಲೋಕಕ್ಕೆಲ್ಲ ಕಳುಹಿಸಲೇಬೇಕು. ಅವನ್ನು ಉಳಿಸಿಟ್ಟುಕೊಂಡವನು ಕೆಲವೇ ನಿಮಿಷಗಳಲ್ಲಿ ಅಂಥದೇ ಪುಟವನ್ನು ಮತ್ತೊಂದೆಡೆ ನಿಲ್ಲಿಸಬಲ್ಲನು. ಕಳ್ಳನೋಟಿನಲ್ಲಾದರೂ ಕಾಗದದ ದೋಷ, ಶಾಯಿಯ ದೋಷ ಉಳಿಯುತ್ತವೆ. ಇಲ್ಲಿ ಮೂಲಕ್ಕೂ ನಕಲಿಗೂ ಒಂದು ಚುಕ್ಕೆಯ ವ್ಯತ್ಯಾಸವೂ ಇರಬೇಕಾಗಿಲ್ಲ.

ಕಣ್ಣಿನ ಸಾಕ್ಷ್ಯ

‘ನೋಡಿದರೆ ಗೊತ್ತಾಗುವುದಿಲ್ಲವೇ? ಮೋಸ ಹೋಗುವವರು ಮೂಢರು’ ಎಂದು ಹೇಳುವವರುಂಟು. ಈ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದ ಒಂದು ಅಧ್ಯಯನವನ್ನು ರಚನಾ ಧಮೀಜಾ, ಜೆ. ಡಿ. ಟೈಗರ್ ಮತ್ತು ಮಾರ್ಟಿ ಹರ್ಸ್ಟ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. 22 ಜನರಿಗೆ 20 ಜಾಲತಾಣಗಳನ್ನು ತೋರಿಸಿ, ಯಾವುದು ನಿಜ ಯಾವುದು ಸುಳ್ಳು ಎಂದು ಹೇಳುವಂತೆ ಅವರು ಕೇಳಿದರು. ಸುಳ್ಳು ತಾಣಗಳಿರುತ್ತವೆಂಬುದು ಆ ಜನರಿಗೆ ಮೊದಲೇ ತಿಳಿದಿತ್ತು. ಅಂದರೆ ಅವರು ಎಚ್ಚರದಿಂದಲೇ ನೋಡುತ್ತಿದ್ದರು.

ಆ ಸುಳ್ಳು ತಾಣಗಳಲ್ಲಿ ಒಂದು, ಅಮೆರಿಕದ ‘ಬ್ಯಾಂಕ್ ಆಫ್ ದಿ ವೆಸ್ಟ್’ ಎಂಬ ಬ್ಯಾಂಕಿನ ಪುಟದ ನಕಲು. ಅದರ ವಿಳಾಸದಲ್ಲಿ ‘ವೆಸ್ಟ್’ ಎಂಬ ಪದದ ಮೊದಲಲ್ಲಿ ಬರಬೇಕಾದ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದ ಬದಲು, ಎರಡು ‘ವಿ’ ಅಕ್ಷರಗಳನ್ನು ಒತ್ತೊತ್ತಾಗಿ ಇಡಲಾಗಿತ್ತು. 22 ಜನರಲ್ಲಿ 20 ಜನ ಅದನ್ನು ನಿಜವಾದ ಬ್ಯಾಂಕೆಂದೇ ನಂಬಿದರು. ಇನ್ನೊಂದು ಸಂಗತಿಯೂ ಹೊರಬಿತ್ತು: ಪರೀಕ್ಷೆಗೆ ಬಂದವರಲ್ಲಿ ಸುಮಾರು ಕಾಲುಭಾಗದವರು ವಿಳಾಸದ ಪಟ್ಟಿಯನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ಪುಟದ ಅಂದಚೆಂದವನ್ನು ನೋಡಿಯೇ ಅವರು ತೀರ್ಮಾನಿಸಿದ್ದರು.

ಇದರಿಂದ ನಾವು ತಿಳಿಯಬೇಕಾದುದೇನು? ಮೋಸ ಹೋಗುವುದು ಬುದ್ಧಿಯ ಕೊರತೆಯಿಂದಲ್ಲ. ಮುಖವನ್ನು ನೋಡಿ ಮನುಷ್ಯನನ್ನು ಗುರುತಿಸಲು ನಮ್ಮ ಕಣ್ಣು ಪಳಗಿದೆ. ಪ್ರತಿಯೊಂದು ಮಾತನ್ನೂ ಅಕ್ಷರ ಅಕ್ಷರವಾಗಿ ಬಿಡಿಸಿ ಓದುವ ಅಭ್ಯಾಸ ನಮಗಿಲ್ಲ. ಅದಿಲ್ಲದಿರುವುದರಿಂದಲೇ ನಾವು ವೇಗವಾಗಿ ಓದಬಲ್ಲೆವು. ವಂಚಕನು ದುಡಿಸಿಕೊಳ್ಳುವುದು ಈ ಸಹಜ ಸ್ವಭಾವವನ್ನೇ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಗಾದೆ ಎಚ್ಚರಿಸುತ್ತದೆ, ನಿಜ. ಆದರೆ ಬಿಳುಪನ್ನು ಬಿಟ್ಟು ಬೇರೆ ಯಾವುದನ್ನು ನೋಡಬೇಕೆಂದು ಗಾದೆ ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ನಕಲು ಮಾಡಲಾಗದ ಒಂದು ವಸ್ತು

ಪುಟದಲ್ಲಿ ಎಲ್ಲವನ್ನೂ ನಕಲು ಮಾಡಬಹುದು, ಆದರೆ ಅದು ನಿಂತಿರುವ ತಾಣದ ಹೆಸರನ್ನು ಮಾಡಲಾಗದು. ಜಾಲತಾಣದ ಹೆಸರುಗಳು ನೋಂದಣಿಯಾಗುತ್ತವೆ. ಒಂದು ಹೆಸರಿಗೆ ಒಂದು ಕಾಲದಲ್ಲಿ ಒಬ್ಬನೇ ಒಡೆಯ. ಬ್ಯಾಂಕು ತನ್ನದಾಗಿ ಮಾಡಿಕೊಂಡ ಹೆಸರು ವಂಚಕನಿಗೆ ದೊರೆಯುವುದಿಲ್ಲ. ಹೆಚ್ಚೆಂದರೆ ಅದನ್ನು ಹೋಲುವ ಇನ್ನೊಂದು ಹೆಸರನ್ನು ಅವನು ಪಡೆದಾನು. ನಮ್ಮ ಒರೆಗಲ್ಲು ಇಲ್ಲಿದೆ.

ಈ ಹೆಸರನ್ನು ಓದುವ ಕ್ರಮ ಸ್ವಲ್ಪ ವಿಚಿತ್ರ. ಅದರ ಮುಖ್ಯ ಭಾಗ ಬಲತುದಿಯಲ್ಲಿರುತ್ತದೆ. ಕಲ್ಪನೆಯ ಉದಾಹರಣೆಯೊಂದನ್ನು ನೋಡೋಣ. ‘ನಮ್ಮಬ್ಯಾಂಕು.ಭಾರತ’ ಎಂಬುದು ಬ್ಯಾಂಕಿನ ತಾಣವಾಗಿರಲಿ. ‘ಸಾಲ.ನಮ್ಮಬ್ಯಾಂಕು.ಭಾರತ’ ಎಂಬುದೂ ಅದೇ ಬ್ಯಾಂಕಿನದೇ, ಏಕೆಂದರೆ ಒಡೆಯನ ಹೆಸರು ಬಲಗಡೆ ಹಾಗೆಯೇ ಉಳಿದಿದೆ. ಆದರೆ ‘ನಮ್ಮಬ್ಯಾಂಕು.ಪರಿಶೀಲನೆ.ಭಾರತ’ ಎಂಬುದು ಬ್ಯಾಂಕಿನದಲ್ಲ. ‘ಪರಿಶೀಲನೆ.ಭಾರತ’ ಎಂಬ ಹೆಸರನ್ನು ಕೊಂಡ ಯಾವನೋ ತನ್ನ ಮನೆಯ ಒಂದು ಕೋಣೆಗೆ ಬ್ಯಾಂಕಿನ ಹೆಸರಿಟ್ಟಿದ್ದಾನೆ, ಅಷ್ಟೆ. ಎಡದಿಂದ ಬಲಕ್ಕೆ ಓದಿ ಪರಿಚಿತವಾದ ಮೊದಲ ಪದಕ್ಕೇ ತೃಪ್ತರಾಗುವ ನಮ್ಮ ಕಣ್ಣು ಇಲ್ಲಿ ಎಡವುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಮೋಸವೂ ಇದೆ. ಗಣಕಯಂತ್ರಕ್ಕೆ ಅಕ್ಷರವೆಂದರೆ ಆಕಾರವಲ್ಲ, ಒಂದು ಸಂಖ್ಯೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ‘ರ’ ಅಕ್ಷರದ ಸಂಖ್ಯೆ 3248, ತೆಲುಗಿನ ‘ರ’ ಅಕ್ಷರದ ಸಂಖ್ಯೆ 3120. ಎರಡು ಲಿಪಿಗಳೂ ಒಂದೇ ಬುಡದಿಂದ ಕವಲೊಡೆದವು. ಆದುದರಿಂದ ಹಲವು ಅಕ್ಷರಗಳು ಇಂದಿಗೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಕಣ್ಣಿಗೆ ಒಂದೇ ಆದರೂ ಯಂತ್ರದ ಲೆಕ್ಕದಲ್ಲಿ ಅವು ಬೇರೆ ಬೇರೆ. ಇಂಗ್ಲಿಷಿನ ‘ಎ’ ಎಂಬ ಚಿಕ್ಕಕ್ಷರದ ಸಂಖ್ಯೆ 97. ಅದೇ ಆಕಾರದ ರಷ್ಯನ್ ಅಕ್ಷರದ ಸಂಖ್ಯೆ 1072. ಎವ್ಗೆನಿ ಗ್ಯಾಬ್ರಿಲೊವಿಚ್ ಮತ್ತು ಅಲೆಕ್ಸ್ ಗೊಂಟ್ಮಾಕರ್ ಎಂಬಿಬ್ಬರು 2002ರಲ್ಲಿ ಈ ಅಪಾಯವನ್ನು ಎತ್ತಿ ತೋರಿಸಿದರು. ‘ಮೈಕ್ರೋಸಾಫ್ಟ್’ ಎಂಬ ಹೆಸರಿನೊಳಕ್ಕೆ ರಷ್ಯನ್ ಅಕ್ಷರಗಳನ್ನು ಸೇರಿಸಿ, ನೋಡಲು ಅದೇ ಆದರೂ ಬೇರೆಯೇ ಆದ ಹೆಸರೊಂದನ್ನು ಅವರು ನೋಂದಾಯಿಸಿಯೂ ತೋರಿಸಿದರು. ಇಂದಿನ ಬ್ರೌಸರುಗಳು ಲಿಪಿಗಳ ಸಂಶಯಾಸ್ಪದ ಬೆರಕೆಯನ್ನು ಕಂಡಾಗ, ಹೆಸರನ್ನು ಸುಂದರವಾದ ಲಿಪಿಯಲ್ಲಿ ತೋರಿಸದೆ ಅದರ ಸಂಕೇತರೂಪವನ್ನು ಹಾಗೆಯೇ ಬಯಲಿಗಿಡುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಕಂಡರೆ ತಾಣವು ಪ್ರಾಮಾಣಿಕವಾದುದೆಂದು ಅನೇಕರು ನಂಬುತ್ತ ಬಂದಿದ್ದಾರೆ. ಆ ಬೀಗದ ಅರ್ಥ ಇಷ್ಟೆ: ನಮಗೂ ಆ ಹೆಸರಿನ ತಾಣಕ್ಕೂ ನಡುವೆ ಹರಿಯುವ ಮಾತನ್ನು ಮೂರನೆಯವನು ಕದ್ದು ಕೇಳಲಾರನು. ಆ ಎರಡನೆಯವನೇ ಕಳ್ಳನಾಗಿದ್ದರೆ ಬೀಗವೇನು ಮಾಡೀತು? ಬೀಗಕ್ಕೆ ಬೇಕಾದ ಪ್ರಮಾಣಪತ್ರ ಈಗ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಈ ಭ್ರಮೆ ಬೆಳೆಯಬಾರದೆಂದೇ ಕ್ರೋಮ್ ಬ್ರೌಸರು 2023ರ ಸೆಪ್ಟೆಂಬರಿನಲ್ಲಿ ಬೀಗದ ಚಿಹ್ನೆಯನ್ನು ತೆಗೆದು ಬೇರೊಂದು ಚಿಹ್ನೆಯನ್ನಿಟ್ಟಿತು.

ಮೊದಲ ಕಾವಲು: ಕಳ್ಳರ ಪಟ್ಟಿ

ರಕ್ಷಣೆಯ ಅತ್ಯಂತ ಸರಳವಾದ ಉಪಾಯವೆಂದರೆ ಗೊತ್ತಾದ ಕಳ್ಳರ ಹೆಸರುಗಳನ್ನು ಬರೆದಿಟ್ಟು, ಬಾಗಿಲಿಗೆ ಬಂದವರನ್ನು ಅದರೊಡನೆ ಹೋಲಿಸುವುದು. 2006ರ ಅಕ್ಟೋಬರಿನಲ್ಲಿ ಬಂದ ಫೈರ್‌ಫಾಕ್ಸ್ 2 ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 7 ಎಂಬ ಬ್ರೌಸರುಗಳು ಇಂಥ ಕಾವಲನ್ನು ತಮ್ಮೊಳಗೇ ಅಳವಡಿಸಿಕೊಂಡಿದ್ದವು. ಇಂದು ಗೂಗಲ್ ಸಂಸ್ಥೆಯ ‘ಸೇಫ್ ಬ್ರೌಸಿಂಗ್’ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಯ ‘ಸ್ಮಾರ್ಟ್‌ಸ್ಕ್ರೀನ್’ ಈ ಕೆಲಸವನ್ನು ಮಾಡುತ್ತಿವೆ. ಕೆಂಪು ಬಣ್ಣದ ಎಚ್ಚರಿಕೆಯ ಪುಟವೊಂದು ಅಡ್ಡ ಬಂದು ‘ಮುಂದೆ ಹೋಗಬೇಡಿರಿ’ ಎಂದು ಹೇಳಿದ್ದನ್ನು ವಾಚಕರಲ್ಲಿ ಹಲವರು ಕಂಡಿರಬಹುದು.

ಇಲ್ಲಿ ಒಂದು ಸ್ವಾರಸ್ಯವಾದ ಸಮಸ್ಯೆ ಹುಟ್ಟುತ್ತದೆ. ನಾವು ನೋಡುವ ಪ್ರತಿಯೊಂದು ಪುಟದ ವಿಳಾಸವನ್ನೂ ಕಾವಲುಗಾರನಿಗೆ ಹೇಳಿದರೆ ನಮ್ಮ ಗುಟ್ಟೆಲ್ಲ ಅವನ ಕೈಯಲ್ಲಿ. ಹೇಳದಿದ್ದರೆ ಅವನು ಕಾಯುವುದೆಂತು? ಇದನ್ನು ಗಣಿತದ ನೆರವಿನಿಂದ ಬಿಡಿಸಿದ್ದಾರೆ. ವಿಳಾಸವನ್ನು ಒಂದು ನಿಯಮದಂತೆ ಅರೆದು 256 ಬಿಟ್ಟುಗಳ ಸಂಖ್ಯೆಯಾಗಿ ಮಾಡುತ್ತಾರೆ. ಇದಕ್ಕೆ ಹ್ಯಾಷ್ ಎಂದು ಹೆಸರು. ಬ್ರೌಸರು ತನ್ನ ಬಳಿ ಕಳ್ಳತಾಣಗಳ ಹ್ಯಾಷ್‌ಗಳ ಮೊದಲ 32 ಬಿಟ್ಟುಗಳನ್ನು ಮಾತ್ರ ಇಟ್ಟುಕೊಂಡಿರುತ್ತದೆ. ನಾವು ತೆರೆಯುವ ಪುಟದ ಹ್ಯಾಷ್ ಅವುಗಳಲ್ಲಿ ಯಾವುದರೊಡನೆಯೂ ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ಹೊಂದಿದರೆ, ಆ ಆರಂಭದ ತುಣುಕನ್ನಷ್ಟೇ ಕೇಂದ್ರಕ್ಕೆ ಕಳುಹಿಸಿ, ಹಾಗೆ ಆರಂಭವಾಗುವ ಎಲ್ಲ ಪೂರ್ಣ ಹ್ಯಾಷ್‌ಗಳನ್ನೂ ತರಿಸಿಕೊಂಡು ತಾನೇ ಹೋಲಿಸುತ್ತದೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ಬಳಿ ‘43ರಿಂದ ಆರಂಭವಾಗುವ ನೋಂದಣಿ ಸಂಖ್ಯೆಗಳನ್ನೆಲ್ಲ ಕೊಡಿ’ ಎಂದು ಕೇಳಿದರೆ, ನಾವು ಹುಡುಕುತ್ತಿರುವುದು ಯಾರನ್ನೆಂದು ಅವರಿಗೆ ತಿಳಿಯುವುದಿಲ್ಲವಷ್ಟೆ? ಇದೂ ಹಾಗೆಯೇ.

ಆದರೆ ಪಟ್ಟಿಗೆ ಒಂದು ಹುಟ್ಟುದೋಷವಿದೆ. ಕಳ್ಳನು ಒಮ್ಮೆ ಸಿಕ್ಕಿಬಿದ್ದ ಮೇಲೆಯೇ ಅವನ ಹೆಸರು ಪಟ್ಟಿಗೆ ಏರುತ್ತದೆ. ಬ್ರೌಸರಿನೊಳಗಿನ ಪಟ್ಟಿಯನ್ನು 30ರಿಂದ 60 ನಿಮಿಷಗಳಿಗೊಮ್ಮೆ ಹೊಸದು ಮಾಡುತ್ತಿದ್ದ ಕಾಲದಲ್ಲಿ, ದುಷ್ಟತಾಣಗಳ ಸರಾಸರಿ ಆಯುಷ್ಯ 10 ನಿಮಿಷಕ್ಕಿಂತಲೂ ಕಡಿಮೆಯೆಂದು ಗೂಗಲ್ ಸಂಸ್ಥೆಯೇ 2024ರ ಮಾರ್ಚಿಯಲ್ಲಿ ತಿಳಿಸಿತು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಆದುದರಿಂದ ಆಗಿನಿಂದ ಕ್ರೋಮ್ ಬ್ರೌಸರು ಅಪರಿಚಿತ ತಾಣಗಳನ್ನು ಆ ಕ್ಷಣದಲ್ಲಿಯೇ ಕೇಂದ್ರದ ಪಟ್ಟಿಯೊಡನೆ ಹೋಲಿಸುವ ಕ್ರಮವನ್ನು ಕೈಗೊಂಡಿದೆ. ಆಗಲೂ ಕಳುಹಿಸುವುದು ಹ್ಯಾಷ್‌ನ ತುಣುಕನ್ನೇ. ಕೇಳಿದವರು ಯಾರೆಂಬುದನ್ನು ಅಳಿಸಿಹಾಕುವ ಮಧ್ಯವರ್ತಿ ಯಂತ್ರವೊಂದೂ ನಡುವೆ ಇರುತ್ತದೆ.

ಎರಡನೆಯ ಕಾವಲು: ಅಂಚೆಯ ಪರೀಕ್ಷೆ

ಗಾಳ ಬರುವುದು ಬಹುಮಟ್ಟಿಗೆ ಇಮೇಲಿನ ಮೂಲಕ. ಇಮೇಲನ್ನು ಸಾಗಿಸುವ ನಿಯಮಗಳನ್ನು ಜಾನ್ ಪೋಸ್ಟಲ್ 1982ರ ಆಗಸ್ಟಿನಲ್ಲಿ ಪ್ರಕಟಿಸಿದಾಗ, ಜಾಲವೆಂಬುದು ಪರಸ್ಪರ ಪರಿಚಯವಿದ್ದವರ ಚಿಕ್ಕ ಸಮಾಜವಾಗಿತ್ತು. ಕಳುಹಿಸಿದವರ ಹೆಸರು ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಅಂಚೆಯ ಕಾಗದದ ಹಿಂಬದಿಯಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲವೆ? ಅದೇ ಸ್ಥಿತಿ.

ಈ ಕೊರತೆಯನ್ನು ತುಂಬಲು ಮೂರು ವ್ಯವಸ್ಥೆಗಳು ಒಂದರ ಮೇಲೊಂದು ಬಂದವು. ಎಸ್‌ಪಿಎಫ್ ಎಂಬುದರಲ್ಲಿ ಸಂಸ್ಥೆಯು ‘ನಮ್ಮ ಅಂಚೆಯನ್ನು ಹೊರುವ ಯಂತ್ರಗಳು ಇವೇ’ ಎಂದು ಬಹಿರಂಗವಾಗಿ ಸಾರುತ್ತದೆ. ಡಿಕೆಐಎಂ ಎಂಬುದರಲ್ಲಿ ಪ್ರತಿ ಪತ್ರಕ್ಕೂ ಗಣಿತದ ಸಹಿ ಬೀಳುತ್ತದೆ. ಪತ್ರದ ಸಹಿಮಾಡಿದ ಭಾಗದಲ್ಲಿ ಅಕ್ಷರವೊಂದು ಬದಲಾದರೂ ಆ ಸಹಿ ತಾಳೆಯಾಗದು. ಡಿಮಾರ್ಕ್ ಎಂಬುದು ನಮ್ಮ ಕಣ್ಣಿಗೆ ಕಾಣುವ ಕಳುಹಿಸಿದವರ ಹೆಸರು ಇವುಗಳೊಡನೆ ಹೊಂದುತ್ತದೆಯೇ ಎಂದು ನೋಡಿ, ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ತಿಳಿಸುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ತನ್ನ ಬಳಕೆದಾರರಿಗೆ ಕಳುಹಿಸುವವರು ಈ ಮೂರನ್ನೂ ಪಾಲಿಸಬೇಕೆಂದು ಜಿಮೇಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿತು. ಇವು ಬ್ಯಾಂಕಿನ ಹೆಸರನ್ನೇ ಕದ್ದು ಬಳಸುವುದನ್ನು ತಡೆಯುತ್ತವೆ. ಆದರೆ ವಂಚಕನು ಹೋಲುವ ಹೆಸರೊಂದನ್ನು ಕೊಂಡು, ಅದಕ್ಕೆ ಕ್ರಮಬದ್ಧವಾಗಿ ಸಹಿ ಹಾಕಿ ಕಳುಹಿಸಿದರೆ ಇವು ಅಡ್ಡಿಮಾಡಲಾರವು.

ಆಗ ಪತ್ರದ ಒಳಗನ್ನೇ ಪರೀಕ್ಷಿಸಬೇಕಾಗುತ್ತದೆ. ಯಾವ ಪದಗಳು, ಎಂಥ ಕೊಂಡಿಗಳು, ಎಷ್ಟು ಹೊಸ ತಾಣ—ಇಂಥ ಲಕ್ಷಣಗಳಿಗೆ ಬೆಲೆ ಕಟ್ಟಿ, ಪತ್ರವು ಮೋಸದ್ದಾಗಿರುವ ಸಂಭವವನ್ನು ಲೆಕ್ಕ ಹಾಕುವ ಸೋಸುಗಗಳು ಇದನ್ನು ಮಾಡುತ್ತವೆ. ಇವುಗಳ ತೊಡಕನ್ನು ಒಂದು ಲೆಕ್ಕದಿಂದ ತಿಳಿಯೋಣ. 1,000 ಪತ್ರಗಳಲ್ಲಿ 20 ಮೋಸದವು ಎಂದಿಟ್ಟುಕೊಳ್ಳೋಣ. ಸೋಸುಗವು ಆ 20ರಲ್ಲಿ 19ನ್ನು ಹಿಡಿಯಲಿ. ಒಳ್ಳೆಯ ಪತ್ರಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಶಂಕಿಸಲಿ. ಬಹಳ ಒಳ್ಳೆಯ ಯಂತ್ರವೆಂದು ತೋರುತ್ತದೆ. ಆದರೆ 980 ಒಳ್ಳೆಯ ಪತ್ರಗಳ ನೂರನೆಯ ಒಂದು ಭಾಗವೆಂದರೆ ಸುಮಾರು 10. ಹಿಡಿದ 29 ಪತ್ರಗಳಲ್ಲಿ ಮೂರನೆಯ ಒಂದು ಪಾಲು ನಿರಪರಾಧಿಗಳಾದವು! ಪದೇ ಪದೇ ಸುಳ್ಳು ಎಚ್ಚರಿಕೆಯನ್ನು ಕೇಳಿದವರು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುತ್ತಾರೆ. ಸಾವಿರಕ್ಕೆ ಒಂದು ಮಾತ್ರ ತಪ್ಪುವಂತೆ ಸುಧಾರಿಸಿದರೆ, ಹಿಡಿದ 20ರಲ್ಲಿ ಒಂದೇ ನಿರಪರಾಧಿ. ಅಪರೂಪದ ವಸ್ತುವನ್ನು ಹುಡುಕುವ ಯಂತ್ರ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದು ಇದರಿಂದ ತಿಳಿಯುತ್ತದೆ. ವೈದ್ಯರು ಅಪರೂಪದ ರೋಗವನ್ನು ಪತ್ತೆ ಹಚ್ಚುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ.

ಮೂರನೆಯ ಕಾವಲು: ತಪ್ಪಿಯೂ ತೆರೆಯದ ಬೀಗ

ಇದುವರೆಗೆ ಹೇಳಿದ ಕಾವಲುಗಳೆಲ್ಲ ಕಳ್ಳನನ್ನು ಗುರುತಿಸಲು ಯತ್ನಿಸುತ್ತವೆ. ಕಳ್ಳರು ಅಸಂಖ್ಯ, ಮತ್ತು ದಿನಕ್ಕೊಂದು ಹೆಸರು ಬದಲಿಸುವವರು. ಇದನ್ನು ತಿರುಗುಮುರುಗು ಮಾಡಿದರೇನು? ಕಳ್ಳನು ಯಾರೆಂದು ತಿಳಿಯುವ ಬದಲು, ನಮ್ಮವರು ಯಾರೆಂಬುದನ್ನಷ್ಟೇ ತಿಳಿದು, ಉಳಿದ ಯಾರಿಗೂ ಗುಟ್ಟನ್ನು ಕೊಡದಿದ್ದರೆ ಸಾಲದೆ? ನಮ್ಮ ಬ್ಯಾಂಕು ಒಂದೇ, ಅದರ ಹೆಸರೂ ಒಂದೇ.

ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಈ ದಾರಿಯ ಮೊದಲ ಹೆಜ್ಜೆ. ಅದು ಪ್ರತಿ ಪಾಸ್‌ವರ್ಡಿನ ಜೊತೆಗೆ ತಾಣದ ಹೆಸರನ್ನೂ ಬರೆದಿಟ್ಟುಕೊಂಡಿರುತ್ತದೆ. ಹೆಸರು ಸರಿಯಾಗಿ ಹೊಂದಿದರೆ ಮಾತ್ರ ತಾನಾಗಿ ತುಂಬುತ್ತದೆ. ಎರಡು ‘ವಿ’ಗಳ ಮುಂದೆ 20 ಜನರ ಕಣ್ಣು ಸೋತಲ್ಲಿ ಈ ಯಂತ್ರ ಸೋಲುವುದಿಲ್ಲ, ಏಕೆಂದರೆ ಅದು ಆಕಾರವನ್ನು ನೋಡುವುದೇ ಇಲ್ಲ, ಸಂಖ್ಯೆಗಳನ್ನು ಹೋಲಿಸುತ್ತದೆ. ಪ್ರತಿದಿನ ತಾನಾಗಿ ತುಂಬುತ್ತಿದ್ದ ಪಾಸ್‌ವರ್ಡ್ ಒಂದು ದಿನ ತುಂಬದೆ ಹೋದರೆ, ಆ ಮೌನವೇ ಎಚ್ಚರಿಕೆ. ಆದರೆ ಇಲ್ಲಿಯೂ ಒಂದು ಸಂದಿ ಉಳಿದಿದೆ: ‘ಯಂತ್ರ ಕೆಟ್ಟಿದೆ’ ಎಂದುಕೊಂಡು ಮನುಷ್ಯನು ತಾನೇ ಕೈಯಾರೆ ಬರೆದುಬಿಡಬಹುದು.

ಒಟಿಪಿ ಎಂಬ ಒಮ್ಮೆ ಬಳಸುವ ಸಂಖ್ಯೆಯಾದರೂ ಕಾಪಾಡೀತೆ? ಪಾಸ್‌ವರ್ಡ್ ಕದ್ದವನಿಗೆ ಅದು ಒಂದು ಅಡ್ಡಿಯೇನೋ ಹೌದು. ಆದರೆ ಸುಳ್ಳುಪುಟವು ಪಾಸ್‌ವರ್ಡನ್ನು ಕೇಳಿ, ತಕ್ಷಣ ಅದನ್ನು ನಿಜವಾದ ಬ್ಯಾಂಕಿಗೆ ಒಪ್ಪಿಸಿ, ಬ್ಯಾಂಕು ನಮಗೆ ಕಳುಹಿಸಿದ ಒಟಿಪಿಯನ್ನೂ ನಮ್ಮಿಂದಲೇ ಕೇಳಿ ಪಡೆದು, ಅದನ್ನೂ ದಾಟಿಸಬಲ್ಲದು. ಸಂಖ್ಯೆಗೆ ತಾನು ಯಾವ ತಾಣಕ್ಕೆ ಸೇರಿದ್ದೆಂಬುದು ತಿಳಿಯದು.

ಈ ಸಂದಿಯನ್ನು ಮುಚ್ಚಿದ ಉಪಾಯಕ್ಕೆ ಪಾಸ್‌ಕೀ ಎಂದು ಹೆಸರು. ಇದರ ಹಿಂದಿರುವ ವೆಬ್‌ಆಥೆನ್ ಎಂಬ ಮಾನಕವನ್ನು ಜಾಗತಿಕ ಜಾಲಸಂಘಟನೆಯಾದ ಡಬ್ಲ್ಯು3ಸಿ 2019ರ ಮಾರ್ಚಿಯಲ್ಲಿ ಅಂಗೀಕರಿಸಿತು. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಇದನ್ನು ವ್ಯಾಪಕಗೊಳಿಸುವುದಾಗಿ 2022ರ ಮೇ ತಿಂಗಳಲ್ಲಿ ಒಟ್ಟಾಗಿ ಸಾರಿದವು. ಇದರಲ್ಲಿ ಪ್ರತಿ ತಾಣಕ್ಕೂ ನಮ್ಮ ಫೋನು ಎರಡು ಕೀಲಿಗಳ ಒಂದು ಜೋಡಿಯನ್ನು ಸೃಷ್ಟಿಸುತ್ತದೆ. ಬಹಿರಂಗ ಕೀಲಿಯನ್ನು ತಾಣಕ್ಕೆ ಕೊಡುತ್ತದೆ, ಗುಪ್ತ ಕೀಲಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಗುಪ್ತ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಪರೀಕ್ಷಿಸಬಹುದು, ಆದರೆ ಬಹಿರಂಗ ಕೀಲಿಯಿಂದ ಆ ಸಹಿಯನ್ನು ಹಾಕಲು ಬಾರದು.

ನಾವು ಒಳಗೆ ಹೋಗಬಯಸಿದಾಗ ತಾಣವು ಎಂದೂ ಬಳಸದ ಒಂದು ಸಂಖ್ಯೆಯನ್ನು ಕಳುಹಿಸಿ ‘ಇದಕ್ಕೆ ಸಹಿ ಹಾಕು’ ಎನ್ನುತ್ತದೆ. ನಾವು ಬೆರಳಿಟ್ಟು ಒಪ್ಪಿಗೆ ಕೊಟ್ಟರೆ ಫೋನು ಸಹಿ ಹಾಕುತ್ತದೆ. ಸಹಿ ಮಾಡುವ ಪತ್ರದಲ್ಲಿ ತಾಣದ ಹೆಸರನ್ನು ಬರೆಯುವುದು ಬ್ರೌಸರು, ನಾವಲ್ಲ, ತಾಣವೂ ಅಲ್ಲ. ಈ ಒಂದು ಅಂಶದಲ್ಲಿಯೇ ಎಲ್ಲ ಬಲವೂ ಅಡಗಿದೆ. ಸುಳ್ಳುತಾಣಕ್ಕೆ ಹೋದಾಗ, ಆ ಹೆಸರಿಗೆ ಸೇರಿದ ಕೀಲಿಯೇ ಫೋನಿನಲ್ಲಿರುವುದಿಲ್ಲ. ಹೇಗೋ ಸಹಿ ಬಿದ್ದಿತೆಂದೇ ಭಾವಿಸಿದರೂ ಅದರೊಳಗೆ ಕಳ್ಳನ ತಾಣದ ಹೆಸರಿರುವುದರಿಂದ ಬ್ಯಾಂಕು ಅದನ್ನು ತಿರಸ್ಕರಿಸುತ್ತದೆ. ನಾವು ಪೂರ್ತಿಯಾಗಿ ನಂಬಿ ಮೋಸ ಹೋದರೂ, ಹೇಳಿಬಿಡಲು ನಮ್ಮ ಬಳಿ ಗುಟ್ಟೆಂಬುದೇ ಇಲ್ಲ.

ಒಂದು ನಿಜಸಂಗತಿ

ಈ ಮಾತಿಗೆ ಅನುಭವದ ಆಧಾರವಿದೆ. 2022ರ ಜುಲೈ 20ರಂದು ಅಮೆರಿಕದ ಕ್ಲೌಡ್‌ಫ್ಲೇರ್ ಎಂಬ ಜಾಲರಕ್ಷಣಾ ಸಂಸ್ಥೆಯ ಕನಿಷ್ಠ 76 ನೌಕರರಿಗೆ ಒಂದು ನಿಮಿಷದೊಳಗೆ ಮೋಸದ ಸಂದೇಶಗಳು ಬಂದವು. ಅವು ತೋರಿಸಿದ ತಾಣದ ಹೆಸರು ನೋಂದಣಿಯಾಗಿ 40 ನಿಮಿಷಗಳೂ ಕಳೆದಿರಲಿಲ್ಲ. ಹೊಸ ಹೆಸರುಗಳ ಮೇಲೆ ಕಣ್ಣಿಟ್ಟಿದ್ದ ಆ ಸಂಸ್ಥೆಯ ಯಂತ್ರಗಳಿಗೂ ಅದು ಕಾಣಲಿಲ್ಲ. ಮೂವರು ನೌಕರರು ತಮ್ಮ ಪಾಸ್‌ವರ್ಡನ್ನು ಅಲ್ಲಿ ಬರೆದರು. ಜಾಲರಕ್ಷಣೆಯೇ ಉದ್ಯೋಗವಾದವರ ಪಾಡು ಇದಾದರೆ ಉಳಿದವರದೇನು?

ಆದರೂ ಕಳ್ಳರು ಒಳಹೋಗಲಾಗಲಿಲ್ಲ. ಪ್ರತಿಯೊಬ್ಬ ನೌಕರನಿಗೂ ಮೇಲೆ ವಿವರಿಸಿದ ತತ್ತ್ವದ ಮೇಲೆಯೇ ಕೆಲಸ ಮಾಡುವ ಒಂದು ಪುಟ್ಟ ಭದ್ರತಾ ಕೀಲಿಯನ್ನು ಸಂಸ್ಥೆ ಕೊಟ್ಟಿತ್ತು. ಕದ್ದ ಪಾಸ್‌ವರ್ಡ್ ಅದರ ಮುಂದೆ ನಿಷ್ಪ್ರಯೋಜಕವಾಯಿತು. ಸುಮಾರು ಅದೇ ಕಾಲದಲ್ಲಿ ಅಂಥದೇ ದಾಳಿಗೆ ಗುರಿಯಾದ ಟ್ವಿಲಿಯೊ ಎಂಬ ಇನ್ನೊಂದು ಸಂಸ್ಥೆಯಲ್ಲಿ ಕಳ್ಳರು ಒಳಹೊಕ್ಕು ಕೆಲವು ಗ್ರಾಹಕರ ಮಾಹಿತಿಯನ್ನು ನೋಡಿದರು. ಎರಡು ಕಡೆಗಳಲ್ಲಿಯೂ ಮೋಸ ಹೋದ ಮನುಷ್ಯರು ಒಂದೇ ತೆರನವರು. ಆದುದರಿಂದ ಫಲದ ವ್ಯತ್ಯಾಸಕ್ಕೆ ಕಾರಣವನ್ನು ಮನುಷ್ಯರ ಜಾಣತನದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೀಗದ ರಚನೆಯಲ್ಲಿ ಹುಡುಕಬೇಕು.

ಯಂತ್ರದ ಮಿತಿ, ನಮ್ಮ ಕರ್ತವ್ಯ

ಇಷ್ಟರಿಂದ ಭಯವೆಲ್ಲ ತೀರಿತೆಂದು ಭಾವಿಸಬಾರದು. ಪಾಸ್‌ಕೀಯನ್ನು ಕೊಟ್ಟ ತಾಣವು ಹಳೆಯ ಪಾಸ್‌ವರ್ಡಿನ ಬಾಗಿಲನ್ನೂ ತೆರೆದಿಟ್ಟಿದ್ದರೆ ಕಳ್ಳನು ಅತ್ತ ತಿರುಗುತ್ತಾನೆ. ಫೋನಿನಲ್ಲಿ ಮಾತನಾಡಿ, ಪೊಲೀಸರೆಂದು ಬೆದರಿಸಿ, ನಮ್ಮ ಕೈಯಿಂದಲೇ ಹಣವನ್ನು ಕಳುಹಿಸುವಂತೆ ಮಾಡುವವನ ಮುಂದೆ ಹೆಸರಿನ ಒರೆಗಲ್ಲಿಗೆ ಕೆಲಸವಿಲ್ಲ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲವೆಂಬ ಒಂದು ಸರಳ ಸತ್ಯ ಅಲ್ಲಿ ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಕಾರಿ.

ಹೆಸರಿನ ಮಹತ್ತ್ವವನ್ನು ನಮ್ಮ ದೇಶದ ಆಡಳಿತವೂ ಮನಗಂಡಿದೆ. ಬ್ಯಾಂಕುಗಳೆಲ್ಲ ತಮ್ಮ ಜಾಲತಾಣಗಳನ್ನು 2025ರ ಅಕ್ಟೋಬರ್ 31ರೊಳಗಾಗಿ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ಹೆಸರಿಗೆ ಬದಲಾಯಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು ಅದೇ ವರ್ಷದ ಏಪ್ರಿಲ್‌ನಲ್ಲಿ ಆದೇಶಿಸಿತು. ಈ ಹೆಸರನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಉಂಟು. ಬ್ಯಾಂಕಲ್ಲದವನಿಗೆ ಅದು ಸಿಗುವುದಿಲ್ಲ. ಅಂದರೆ ವಿಳಾಸದ ಬಲತುದಿಯನ್ನು ನೋಡುವ ಅಭ್ಯಾಸವೊಂದಿದ್ದರೆ ಸಾಮಾನ್ಯನ ಕಣ್ಣಿಗೂ ಒಂದು ಆಧಾರ ದೊರೆತಂತಾಯಿತು. ಇಷ್ಟಾಗಿಯೂ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ತಿಳಿಸಬೇಕು. ಹಣವು ಕೈಯಿಂದ ಕೈಗೆ ದಾಟುವ ಮೊದಲೇ ತಡೆಯಲು ಸಾಧ್ಯವಾದೀತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯ ಹಿರಿಯರೊಬ್ಬರು ಹೀಗೆ ಹಣ ಕಳೆದುಕೊಂಡಾಗ ‘ಅಷ್ಟೂ ತಿಳಿಯಲಿಲ್ಲವೇ?’ ಎಂದು ಹಂಗಿಸುವುದು ಸುಲಭ. ಹಂಗಿಸಿಕೊಂಡವರು ಮುಂದಿನ ಸಲ ಬಾಯಿ ಬಿಡುವುದಿಲ್ಲ. ದೂರು ಕೊಡುವುದು ತಡವಾಗುತ್ತದೆ, ಕಳ್ಳನಿಗೆ ಅನುಕೂಲವಾಗುತ್ತದೆ. ಎಚ್ಚರದಿಂದ ನೋಡಿದ 22 ಜನರಲ್ಲಿ 20 ಜನರಿಗೆ ತಿಳಿಯದೆ ಹೋದುದು ನಮ್ಮ ತಂದೆತಾಯಿಗಳಿಗೆ ತಿಳಿಯಲಿಲ್ಲವೆಂದು ಹಳಿಯುವುದು ನ್ಯಾಯವಲ್ಲ. ಅದಕ್ಕೆ ಬದಲಾಗಿ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು, ಬ್ರೌಸರಿನ ರಕ್ಷಣೆ ಚಾಲ್ತಿಯಲ್ಲಿದೆಯೇ ಎಂದು ನೋಡಿ, ಪಾಸ್‌ವರ್ಡ್ ಮ್ಯಾನೇಜರನ್ನು ಅಳವಡಿಸಿ, ಪಾಸ್‌ಕೀ ದೊರೆಯುವ ಖಾತೆಗಳಿಗೆ ಅದನ್ನು ಮಾಡಿಕೊಟ್ಟು, ವಿಳಾಸದ ಬಲತುದಿಯನ್ನು ಓದುವುದನ್ನು ಕಲಿಸಿದರೆ ಅದು ನಿಜವಾದ ಸೇವೆ. ಅಕ್ಕಸಾಲಿಗನ ಕಣ್ಣು ಎಲ್ಲರಿಗೂ ಇರಲಾರದು. ಒರೆಗಲ್ಲನ್ನು ಮಾತ್ರ ಎಲ್ಲರ ಮನೆಯಲ್ಲೂ ಇಡಬಹುದು.